ಹದಿನಾಲ್ಕನೇ ಕಂಬದ ಬಳಿ ತಲೆಯೆತ್ತಿ ನೋಡಿ

ಬುಧವಾರ, ಬೆಳಗಿನ ಐದೂವರೆ. ಖೋಂಗ್ ನದಿಯ ಮೇಲೆ ಮಲಗಿದ ಮಂಜು ಇನ್ನೂ ಮಗ್ಗುಲು ಬದಲಿಸಿಲ್ಲ. ನಾ ತಾನ್ ಹಳ್ಳಿಯ ಕೋಳಿಗಳು ಕೂಗಲೋ ಬೇಡವೋ ಎಂದು ಯೋಚಿಸುತ್ತಿವೆ. ಐವತ್ತೆಂಟರ ಬುವಾಲೈ ಮಾತ್ರ ಆಗಲೇ ರಸ್ತೆಯ ಮೇಲಿದ್ದಾರೆ. ತುರುಬಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ಕಂಕುಳಲ್ಲಿ ರಟ್ಟಿನ ಹಲಗೆ ಇಟ್ಟುಕೊಂಡು, ವಿದ್ಯುತ್ ಕಂಬಗಳನ್ನು ಬೆರಳು ತೋರಿಸಿ ಎಣಿಸುತ್ತಿದ್ದಾರೆ. ಹನ್ನೊಂದು, ಹನ್ನೆರಡು, ಹದಿಮೂರು. ನಿಲ್ಲುತ್ತಾರೆ. ಹಿಂದಿರುಗಿ ನೋಡುತ್ತಾರೆ. ಮತ್ತೆ ಮೊದಲ ಕಂಬದ ಕಡೆಗೆ ಓಡುನಡಿಗೆಯಲ್ಲಿ ಹೊರಡುತ್ತಾರೆ.

"ಬರ್ತಾ ಎಣಿಸಿದ್ರೆ ಹದಿನಾಲ್ಕು, ಹೋಗ್ತಾ ಎಣಿಸಿದ್ರೆ ಹದಿಮೂರು. ಯಾವುದೋ ಒಂದು ಕಂಬ ನನ್ನ ಕಂಡ್ರೆ ಅಡಗಿಕೊಳ್ತಾ ಇದೆ," ಎಂದು ಗೊಣಗುತ್ತಾರೆ.

ಮೂರನೇ ಸಲಕ್ಕೆ ಕಳ್ಳ ಸಿಕ್ಕಿಬೀಳುತ್ತಾನೆ. ಬಿದಿರು ಮೆಳೆಯೊಳಗೆ ಕತ್ತಿನವರೆಗೆ ಮುಳುಗಿರುವ ಹಳೆಯ ಕಂಬ ಅದು. ನದಿಯ ಕಡೆಯಿಂದ ಬಂದರೆ ಕಾಣುತ್ತದೆ, ಗದ್ದೆಯ ಕಡೆಯಿಂದ ಬಂದರೆ ಇಲ್ಲ. ಬುವಾಲೈ ಅದರ ಹೊಟ್ಟೆಗೆ ಒಂದು ಏಟು ಹಾಕಿ, ಹಲಗೆಯ ಮೇಲೆ ಗುರುತು ಮಾಡಿಕೊಳ್ಳುತ್ತಾರೆ. ಹನ್ನೆರಡನೇ ಕಂಬದ ಬುಡದಲ್ಲಿ ಒಂದು ಕಂದು ನಾಯಿ ಬಾಲಕ್ಕೆ ಮೂತಿ ಇಟ್ಟು ಮಲಗಿದೆ. ಅವರು ಅದನ್ನು ದಾಟಿಕೊಂಡು ಮುಂದೆ ಹೋಗುತ್ತಾರೆ.

ಇವತ್ತು ಮಧ್ಯಾಹ್ನ ಎರಡು ಗಂಟೆಗೆ ವೀಸಾ ಕಚೇರಿಯ ಅಧಿಕಾರಿಯೊಬ್ಬ ಇದೇ ರಸ್ತೆಗೆ ಬರುತ್ತಾನೆ. ಬುವಾಲೈ ಈಗ ಬರೆಯುತ್ತಿರುವ ನಕ್ಷೆ ಅವನ ಕೈಯಲ್ಲಿರುತ್ತದೆ. ಅವನು ಹುಡುಕುವ ಮನೆ ಸಿಕ್ಕಿದರೆ ಆ ಮನೆಯ ಮುದುಕನಿಗೆ ಇನ್ನೊಂದು ವರ್ಷ ಈ ದೇಶದಲ್ಲಿ ಇರಲು ಮುದ್ರೆ ಬೀಳುತ್ತದೆ. ಸಿಗದಿದ್ದರೆ ಏಳು ದಿನದೊಳಗೆ ಅವನು ದೇಶ ಬಿಡಬೇಕು. ಅಧಿಕಾರಿ ಈಗಾಗಲೇ ಮೂರು ಸಲ ಬಂದು ಬರಿಗೈಯಲ್ಲಿ ಮರಳಿದ್ದಾನೆ. ಮೂರು ಸಲವೂ ಅವನ ಕೈಯಲ್ಲಿದ್ದದ್ದು ಬುವಾಲೈ ಬರೆದ ನಕ್ಷೆಯೇ.

ಅಜ್ಜಿ ಹೇಳುವ ಕತೆಗಳಲ್ಲಿ ದಾರಿ ತೋರಿಸುವ ಒಬ್ಬ ಮುದುಕಿ ಇದ್ದೇ ಇರುತ್ತಾಳೆ. ಒಂಟಿಮರದ ಹತ್ತಿರ ಎಡಕ್ಕೆ ತಿರುಗು ಮಗನೇ, ಅಳುವ ಬಾವಿ ಸಿಕ್ಕರೆ ಮಾತಾಡಿಸಬೇಡ ಎಂದು ಹೇಳುತ್ತಾಳೆ. ರಾಜಕುಮಾರ ಹೋಗಿ ರಾಕ್ಷಸನನ್ನು ಕೊಲ್ಲುತ್ತಾನೆ, ಮದುವೆಯಾಗುತ್ತಾನೆ. ಮುದುಕಿ ಏನಾದಳೆಂದು ಯಾರೂ ಕೇಳುವುದಿಲ್ಲ. ಥಾ ಲಾನ್ ಪಟ್ಟಣದ ವೀಸಾ ಕಚೇರಿಯ ಗೋಡೆಯ ಹೊರಗೆ, ಹುಣಸೆಮರದ ನೆರಳಲ್ಲಿ ಒಂದು ಮಡಚುವ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆರು ವರ್ಷದಿಂದ ಕೂತಿರುವ ಬುವಾಲೈ ಅಂಥ ಒಬ್ಬ ಮುದುಕಿ. ಮೇಜಿನ ಮುಂದೆ ತೂಗುಹಾಕಿದ ರಟ್ಟಿನ ಮೇಲೆ ಎರಡೇ ಪದ: "ಮನೆನಕ್ಷೆ. ನಲವತ್ತು."

ನಲವತ್ತು ಬಾತ್‌ಗೆ ಸಿಗುವುದು ಒಂದು ಹಾಳೆ. ಇಲ್ಲಿ ವರ್ಷಗಟ್ಟಲೆ ನೆಲೆಸಬೇಕೆನ್ನುವ ಪ್ರತಿ ಫರಂಗಿಯೂ ಅರ್ಜಿಯ ಜೊತೆ ತನ್ನ ಮನೆಗೆ ದಾರಿ ತೋರಿಸುವ ಕೈಬರಹದ ನಕ್ಷೆ ಇಡಬೇಕು. ಈ ಊರಿನ ಹೆಣ್ಣನ್ನು ಮದುವೆಯಾಗಿ, ಅದರ ಆಧಾರದ ಮೇಲೆ ಇರುವವನಾದರೆ ಆ ನಕ್ಷೆಗೆ ಇನ್ನೂ ತೂಕ ಹೆಚ್ಚು. ಗಂಡ ಹೆಂಡತಿ ನಿಜವಾಗಿ ಒಂದೇ ಸೂರಿನಡಿ ಇದ್ದಾರೋ ಇಲ್ಲವೋ ಎಂದು ನೋಡಲು ಅಧಿಕಾರಿಗಳು ಹೇಳದೆ ಕೇಳದೆ ಮನೆಗೆ ಬರುತ್ತಾರೆ. ಬರುವುದು ನಕ್ಷೆ ಹಿಡಿದುಕೊಂಡು. ಫೋನಿನಲ್ಲಿ ದಾರಿ ನೋಡಬಹುದಲ್ಲ ಎಂದರೆ ಬುವಾಲೈ ನಗುತ್ತಾರೆ.

"ನಮ್ಮ ಹಳ್ಳಿಗಳಲ್ಲಿ ಮನೆ ನಂಬರು ರಸ್ತೆ ಸಾಲಿನ ಪ್ರಕಾರ ಇರಲ್ಲ. ಕಟ್ಟಿದ ಸಾಲಿನ ಪ್ರಕಾರ. ಮೊದಲು ಕಟ್ಟಿದ್ದು ಒಂದು, ಆಮೇಲೆ ಊರಾಚೆ ಕಟ್ಟಿದ್ದು ಎರಡು. ನಲವತ್ತೇಳರ ಪಕ್ಕ ನೂರಾ ಹನ್ನೆರಡು, ಅದರ ಹಿಂದೆ ಆರು. ಪಾಪ, ಆ ಫೋನು ಏನು ಮಾಡುತ್ತೆ? ಎಲ್ರನ್ನೂ ತಗೊಂಡು ಹೋಗಿ ಬಾತುಕೋಳಿ ಕೆರೆ ಹತ್ರ ಬಿಡುತ್ತೆ."

ದಿನಕ್ಕೆ ಎಂಟರಿಂದ ಹದಿನೈದು ನಕ್ಷೆ. ಒಂದಕ್ಕೆ ಹದಿನೈದು ನಿಮಿಷ. ಮೊದಲು ಪೆನ್ಸಿಲು, ಆಮೇಲೆ ಕಪ್ಪು ಪೆನ್ನು, ಕೊನೆಗೆ ಮನೆಯ ಮೇಲೆ ಮಾತ್ರ ಕೆಂಪು ಚುಕ್ಕೆ. ಅವರ ಎಲ್ಲ ನಕ್ಷೆಗಳಲ್ಲೂ ಹಾಳೆಯ ಮೇಲ್ಭಾಗದಲ್ಲಿ ನದಿ ಇರುತ್ತದೆ. ಉತ್ತರ ದಕ್ಷಿಣದ ಗೊಡವೆ ಇಲ್ಲಿ ಯಾರಿಗೂ ಇಲ್ಲ. ನೀರು ಬರುವ ಕಡೆ, ನೀರು ಹೋಗುವ ಕಡೆ, ಅಷ್ಟೇ. ಪಕ್ಕದ ಮೇಜಿನಲ್ಲಿ ಫೋಟೋ ತೆಗೆದು, ಜೆರಾಕ್ಸ್ ಮಾಡಿಕೊಡುವ ಪ್ರಯೂನ್ ಅವರನ್ನು ಕೆಣಕುವುದು ಇದೇ ವಿಷಯಕ್ಕೆ.

"ಅಕ್ಕಾ, ನಿನ್ನ ನಕ್ಷೇಲಿ ನದಿ ತಲೆ ಮೇಲೆ ಇರುತ್ತೆ. ಒಂದಿನ ಉಕ್ಕಿ ಮನೆಗಳೆಲ್ಲ ಕೊಚ್ಚಿಹೋಗುತ್ತೆ ನೋಡು."

"ನೀನು ತೆಗೆದ ಫೋಟೋದಲ್ಲಿ ಎಲ್ರೂ ಜೈಲಿಂದ ಬಂದೋರ ಥರ ಕಾಣ್ತಾರೆ. ನಾನು ಏನಾದ್ರೂ ಅಂದಿದೀನಾ?"

ಬುವಾಲೈ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಕೂತಾಗಲೂ ಮೇಜಿನ ಕೆಳಗೆ ಬಲಗಾಲು ತಾಳ ಹಾಕುತ್ತಿರುತ್ತದೆ. ಹತ್ತೊಂಬತ್ತು ವರ್ಷ ಅಂಚೆ ಹಂಚಿದ ಕಾಲು ಅದು. ಮೊದಲು ಸೈಕಲ್ಲು, ಆಮೇಲೆ ಬೈಕು, ಮಳೆಗಾಲದಲ್ಲಿ ದೋಣಿ. ಹದಿನೇಳು ಹಳ್ಳಿಗಳ ಯಾವ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ಆ ಕೆಲಸದ ಗುರುತಾಗಿ ಉಳಿದದ್ದು ಸವೆದ ಒಂದು ಮಂಡಿ, ಕಾಲುಗಳ ಮೇಲೆ ನಾಯಿ ಕಚ್ಚಿದ ಏಳು ಕಲೆ. ಒಂದೊಂದು ಕಲೆಗೂ ಒಂದೊಂದು ಹಳ್ಳಿಯ ಹೆಸರು. ಹತ್ತೊಂಬತ್ತು ವರ್ಷವೂ ಅವರು ಖಾಯಂ ಆಗಲಿಲ್ಲ. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಕರಾರಿಗೆ ಸಹಿ ಹಾಕಬೇಕಿತ್ತು. ಇಪ್ಪತ್ತನೇ ವರ್ಷ ಸಹಿಗೆ ಕಾಗದವೇ ಬರಲಿಲ್ಲ.

"ಎಲ್ರಿಗೂ ಕಾಗದ ಕೊಟ್ಟೆ. ನನ್ನ ಕಾಗದ ಮಾತ್ರ ದಾರಿ ತಪ್ಪಿತು." ಗಂಡನ ಬಗ್ಗೆ ಕೇಳಿದರೆ ಇನ್ನೂ ಚಿಕ್ಕ ಉತ್ತರ. ಅವನು ಬ್ಯಾಂಕಾಕಿಗೆ ಟ್ಯಾಕ್ಸಿ ಓಡಿಸಲು ಹೋಗಿ ಇಪ್ಪತ್ನಾಲ್ಕು ವರ್ಷವಾಯಿತು. "ಅವನಿಗೆ ನಕ್ಷೆ ಬರೆದುಕೊಡೋದು ಮರೆತೆ."

ಕೆಲಸ ಹೋದ ತಿಂಗಳು, ಮನೆಯ ವಿದ್ಯುತ್ ಬಿಲ್ಲು ಕಟ್ಟಲು ಪಟ್ಟಣಕ್ಕೆ ಬಂದಾಗ, ವೀಸಾ ಕಚೇರಿಯ ಹೊರಗೆ ಒಬ್ಬ ದಪ್ಪ ಫರಂಗಿ ಬಿಸಿಲಲ್ಲಿ ನಿಂತು ಬೆವರುತ್ತಿದ್ದ. ಅವನ ಕೈಯಲ್ಲಿದ್ದ ಹಾಳೆಯ ಮೇಲೆ ಜೇಡ ಸತ್ತುಬಿದ್ದ ಹಾಗೆ ಏನೋ ಗೀಚು. ಮೂರು ಸಲ ಒಳಗಿನಿಂದ ವಾಪಸು ಕಳಿಸಿದ್ದರು. "ಕೊಡಿಲ್ಲಿ" ಎಂದು ಕಿತ್ತುಕೊಂಡು ಬುವಾಲೈ ಐದು ನಿಮಿಷದಲ್ಲಿ ಬರೆದುಕೊಟ್ಟರು. ಅವನ ಹೆಂಡತಿಯ ಮನೆಗೆ ಅವರು ಹನ್ನೊಂದು ವರ್ಷ ಕಾಗದ ಹಾಕಿದ್ದರು. ಮರುವಾರ ಅವನು ಮೂವರು ಗೆಳೆಯರನ್ನು ಕರೆತಂದ. ಅದರ ಮುಂದಿನ ವಾರ ಮೇಜು ಬಂತು.

ಈಗ ಮಂಗಳವಾರಕ್ಕೆ, ಅಂದರೆ ಕಂಬ ಎಣಿಸಿದ ಹಿಂದಿನ ದಿನಕ್ಕೆ ಹೋಗಬೇಕು. ಮಧ್ಯಾಹ್ನ ಮೂರರ ಹೊತ್ತು. ಬುವಾಲೈ ಪರಂಗಿಕಾಯಿ ಕೋಸಂಬರಿಗೆ ಜಿಗುಟನ್ನದ ಉಂಡೆ ಅದ್ದಿ ಬಾಯಿಗೆ ಇಡುತ್ತಿದ್ದಾಗ ಮೇಜಿನ ಮುಂದೆ ಹೊಳೆಯುವ ಬೂಟು ಬಂದು ನಿಂತಿತು. ವೀರಪಾತ್ ಎಂಬ ಹೊಸ ಅಧಿಕಾರಿ. ದಕ್ಷಿಣದ ಸಮುದ್ರದ ಕಡೆಯವನು, ಇಪ್ಪತ್ತೇಳರ ಹುಡುಗ, ವರ್ಗವಾಗಿ ಬಂದು ಎರಡು ತಿಂಗಳಾಗಿಲ್ಲ. ಕೈಯಲ್ಲಿ ಬೆವರಿಗೆ ಒದ್ದೆಯಾದ ನಕ್ಷೆ.

"ದೊಡ್ಡಮ್ಮ, ಇದನ್ನ ಬರೆದಿದ್ದು ನೀವಾ?"

"ಹೂಂ. ನಾ ತಾನ್ ಹಳ್ಳಿ, ಮನೆ ನಂಬರು ನೂರಾ ಅರವತ್ಮೂರು. ಲಮ್ಯಾಯ್ ಅಕ್ಕನ ಮನೆ. ಯಾಕೆ ಸಾಹೇಬ್ರೇ?"

"ಸುಟ್ಟ ಅಕ್ಕಿಗಿರಣಿ ದಾಟಿ ಬಲಕ್ಕೆ ಅಂತ ಬರೆದಿದೀರ. ಮೂರು ಸಲ ಹೋದೆ. ಗಿರಣಿ ಎಲ್ಲಿದೆ?"

"ಸುಟ್ಟುಹೋಯ್ತಲ್ಲ!"

"ಯಾವಾಗ?"

"ಇಪ್ಪತ್ತೊಂದು ವರ್ಷ ಆಯ್ತು. ಒಂದು ಹೆಂಚೂ ಉಳಿಲಿಲ್ಲ."

ವೀರಪಾತ್ ನಕ್ಷೆಯ ಮೇಲೆ ಬೆರಳು ಮುಂದಕ್ಕೆ ಸರಿಸಿದ. "ಸರಿ. ದೊಡ್ಡ ಮಳೆಮರದ ಕೆಳಗೆ ಅಂಚೆಪೆಟ್ಟಿಗೆ?"

"ಮರ ಹೋದ ವರ್ಷ ಬಿರುಗಾಳಿಗೆ ಬಿತ್ತಂತೆ. ಪೆಟ್ಟಿಗೆ ಅದರ ಕೆಳಗೇ ಇತ್ತಲ್ಲ, ಅಪ್ಪಚ್ಚಿ ಆಗಿರುತ್ತೆ."

"ಅಂದ್ರೆ ನೀವು ನಕ್ಷೇಲಿ ಬರೆದಿರೋದು ಒಂದೂ ಇಲ್ಲ."

"ಇತ್ತು," ಎಂದರು ಬುವಾಲೈ. ಈ ಸೀಮೆಯಲ್ಲಿ ದಾರಿ ಹೇಳುವುದೇ ಹಾಗೆ. ಸುಟ್ಟ ಗಿರಣಿ, ಮುಚ್ಚಿದ ಟಾಕೀಸು, ಆನೆ ಸತ್ತ ಜಾಗ. ಊರವರಿಗೆ ಇಲ್ಲದ್ದು ಇರುವುದಕ್ಕಿಂತ ಗಟ್ಟಿಯಾದ ಗುರುತು. ಹಳೆಯ ಅಧಿಕಾರಿಗಳೂ ಈ ಊರಲ್ಲೇ ಬೆಳೆದವರು. ಗಿರಣಿ ಎಲ್ಲಿ ಉರಿಯಿತೆಂದು ಕಣ್ಣಾರೆ ಕಂಡವರು. ಅವರೆಲ್ಲ ನಿವೃತ್ತರಾಗಿದ್ದು ಬುವಾಲೈಗೆ ಗೊತ್ತಿತ್ತು. ಅದರಿಂದ ತನ್ನ ನಕ್ಷೆಗೆ ಏನಾಗುತ್ತದೆ ಎಂಬುದು ಹೊಳೆದಿರಲಿಲ್ಲ.

"ಊರವರನ್ನ ಕೇಳಬೇಕಿತ್ತು ಸಾಹೇಬ್ರೇ."

"ಕೇಳದೆ ಇರ್ತೀನಾ? ತಾಪಿಯೋ ಅನ್ನೋ ಫರಂಗಿ ಮನೆ ಎಲ್ಲಿ ಅಂದೆ. ಎಂಟು ಜನ. ಎಂಟೂ ಜನ, ಅಂಥೋರು ಯಾರೂ ಇಲ್ಲ ಸಾರ್ ಅಂದ್ರು. ಒಬ್ಬಳು ಅಜ್ಜಿ ಈ ಊರಲ್ಲಿ ಫರಂಗಿನೇ ನೋಡಿಲ್ಲ ಅಂತ ಆಣೆ ಇಟ್ಲು."

ಪ್ರಯೂನ್ ಜೆರಾಕ್ಸ್ ಯಂತ್ರದ ಹಿಂದೆ ಮುಖ ಮುಚ್ಚಿಕೊಂಡು ನಕ್ಕ. ಖಾಕಿ ಹಾಕಿದವನು ಬಂದು ನಮ್ಮವನ ಹೆಸರು ಹಿಡಿದು ಕೇಳಿದರೆ ಯಾವ ಹಳ್ಳಿ ತಾನೆ ತೋರಿಸುತ್ತದೆ? ಕಾಪಾಡಿದೆವು ಎಂದುಕೊಂಡು ಎಂಟು ಜನ ಅವನನ್ನು ದೇಶದಾಚೆಗೆ ನೂಕುವುದರಲ್ಲಿದ್ದರು.

ವೀರಪಾತ್ ನಕ್ಷೆಯನ್ನು ಮೇಜಿನ ಮೇಲಿಟ್ಟ. "ಗುರುವಾರ ಬೆಳಿಗ್ಗೆ ಫೈಲು ಮೇಲಕ್ಕೆ ಹೋಗಬೇಕು. 'ವಾಸದ ಮನೆ ಸಿಗಲಿಲ್ಲ' ಅಂತ ಬರೆದ್ರೆ ಮುಗೀತು. ನಾಳೆ ಎರಡು ಗಂಟೆಗೆ ಇನ್ನೊಂದೇ ಸಲ ಹೋಗ್ತೀನಿ. ಹೊಸ ನಕ್ಷೆ ಕೊಡಿ. ನೀವು ಜೊತೇಲಿ ಬರೋ ಹಾಗಿಲ್ಲ. ಅವರಿಗೆ ಹೇಳೋ ಹಾಗೂ ಇಲ್ಲ ದೊಡ್ಡಮ್ಮ. ಹೇಳಿದ್ರೆ ನನಗೆ ಗೊತ್ತಾಗುತ್ತೆ."

ಆ ರಾತ್ರಿ ಹೊಸ ನಕ್ಷೆ ಬರೆಯಲು ಕೂತ ಬುವಾಲೈ ಪೆನ್ಸಿಲು ಎತ್ತಿ ಹಾಗೆಯೇ ಇಟ್ಟುಬಿಟ್ಟರು. ಗಿರಣಿ ತೆಗೆದರೆ ಅಲ್ಲೇನಿದೆ? ಮರ ತೆಗೆದರೆ? ನಾ ತಾನ್‌ಗೆ ಅವರು ಹೋಗಿ ಆರು ವರ್ಷವಾಗಿತ್ತು. ಅವರೊಳಗಿದ್ದದ್ದು ಅಂಚೆಚೀಲ ಹೊತ್ತ ಕಾಲದ ಊರು.

ಅದಕ್ಕೇ ಈ ಬೆಳಗಿನ ಕಂಬ ಎಣಿಕೆ. ಗಿರಣಿ ಇದ್ದ ಜಾಗದಲ್ಲಿ ನಾಲ್ಕು ನೀಲಿ ಹೆಂಚಿನ ಮನೆಗಳಿವೆ. ಮುಂದಿನ ಓಣಿಯಲ್ಲೂ ನಾಲ್ಕು ನೀಲಿ ಹೆಂಚಿನ ಮನೆ. ಅದರ ಮುಂದಿನದರಲ್ಲೂ. "ಎಲ್ರೂ ಒಂದೇ ಅಂಗಡಿ ಹೆಂಚು ತಂದಿದಾರೆ ಹಾಳಾದೋರು," ಎಂದು ಬಯ್ಯುತ್ತಲೇ ಅವರು ನಡೆಯುತ್ತಾರೆ. ಮಳೆಮರವಿದ್ದಲ್ಲಿ ನಿಲ್ಲುತ್ತಾರೆ. ಬುಡವನ್ನೂ ಕಿತ್ತು ಮಣ್ಣು ತುಂಬಿದ್ದಾರೆ. ಆದರೆ ರಸ್ತೆ ಅಲ್ಲಿ ಇನ್ನೂ ಬಳುಕುತ್ತದೆ. ಮರವನ್ನು ಬಳಸಿಕೊಂಡು ಹೋಗಲೆಂದು ಹಿಂದೆ ಯಾರೋ ಬಾಗಿಸಿದ ರಸ್ತೆ, ಮರವಿಲ್ಲದ ಬಯಲನ್ನು ಈಗಲೂ ಮರ್ಯಾದೆಯಿಂದ ಸುತ್ತುಹಾಕುತ್ತಿದೆ. ಬುವಾಲೈ ಅದನ್ನು ತುಸು ಹೊತ್ತು ನೋಡಿ, ಹಾಳೆಯ ಮೇಲೆ ಬಾಗಿದ ಗೆರೆ ಎಳೆಯುತ್ತಾರೆ. ಮರ ಬರೆಯುವುದಿಲ್ಲ.

ಹದಿನಾಲ್ಕನೇ ಕಂಬದ ಹತ್ತಿರ ಬರುವ ಹೊತ್ತಿಗೆ ಕಿರ್ರೆಂದು ಸದ್ದು ಕೇಳುತ್ತದೆ. ಎರಡು ನೀಲಿ ಹೆಂಚಿನ ಮಾಡುಗಳ ನಡುವಿನ ಸಂದಿನಲ್ಲಿ, ಗಾಳಿಯಲ್ಲಿ, ಕುರ್ಚಿಯ ಮೇಲೆ ಕೂತ ಹೆಂಗಸೊಬ್ಬಳು ನಿಧಾನವಾಗಿ ನೆಲಕ್ಕಿಳಿಯುತ್ತಿದ್ದಾಳೆ.

ಅವಳೇ ಲಮ್ಯಾಯ್, ಅರವತ್ನಾಲ್ಕು ವರ್ಷ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಕಂಬಗಳ ಮೇಲೆ ನಿಂತ ಹಳೆಯ ಮರದ ಮನೆ, ಹದಿಮೂರು ಮೆಟ್ಟಿಲು. ಅವಳ ಗಂಡ ತಾಪಿಯೋ ಫಿನ್ಲೆಂಡಿನವನು, ಎಪ್ಪತ್ತೊಂದು ವರ್ಷ. ತನ್ನ ದೇಶದಲ್ಲಿ ಮೂವತ್ತೇಳು ವರ್ಷ ಲಿಫ್ಟು ರಿಪೇರಿ ಮಾಡಿದವನು. ನೀರೆತ್ತುವ ಮೋಟಾರು, ಉಕ್ಕಿನ ಹಗ್ಗ, ಮೇಲೊಂದು ಕೆಂಪು ಬಣ್ಣದ ಕಬ್ಬಿಣದ ಗಾಲಿ ಕೂಡಿಸಿ ಹೆಂಡತಿಗೆ ಇಳಿಯುವ ಹತ್ತುವ ಕುರ್ಚಿ ಮಾಡಿದ್ದಾನೆ. ಊರಿನಲ್ಲಿ ಅವನ ಪಾಸ್‌ಪೋರ್ಟಿನ ಹೆಸರು ಯಾರಿಗೂ ಬೇಕಿಲ್ಲ. ಅವನು ಲಿಫ್ಟ್ ಮಾವ.

"ಓ, ಅಂಚೆಯಮ್ಮ! ಕಾಗದ ಬಂತಾ?" ಎಂದು ಸ್ವಿಚ್ಚಿನ ಹತ್ತಿರದಿಂದಲೇ ಕೂಗುತ್ತಾನೆ.

"ಕಾಗದ ಬಿಟ್ಟು ಆರು ವರ್ಷ ಆಯ್ತು ಮಾವ. ಸುಮ್ನೆ ಗಾಳಿ ಸೇವನೆಗೆ ಬಂದೆ."

"ಗಾಳಿ ತಿನ್ನೋಕೆ ಪೆನ್ಸಿಲು ಯಾಕೆ?"

ಲಮ್ಯಾಯ್ ಅರ್ಧ ಬಾಯಿಯಲ್ಲಿ ನಗುತ್ತಾಳೆ. ಅವಳ ಮಾತು ತಡೆತಡೆದು ಬರುತ್ತದೆ. "ಇವಳಿಗೆ ಸುಳ್ಳು ಹೇಳೋಕೆ... ಯಾವತ್ತೂ ಬರಲ್ಲ. ಮನಿಯಾರ್ಡರ್ ತಡ ಆದಾಗಲೂ... ಇದೇ ಮುಖ."

"ನಮ್ಮ ಮನೆ ನೋಡೋಕೆ ಯಾರೂ ಬಂದಿಲ್ಲ," ಎನ್ನುತ್ತಾನೆ ತಾಪಿಯೋ, ಹೆಂಡತಿಯ ಸೊಂಟದ ಪಟ್ಟಿ ಬಿಚ್ಚುತ್ತಾ. "ಮೂರು ವಾರ ಕಾಯ್ತಾ ಇದೀನಿ. ನಾನು ಸಂತೆಗೂ ಹೋಗಲ್ಲ. ಬಂದಾಗ ನಾನು ಇಲ್ಲ ಅಂದ್ರೆ?"

ಬುವಾಲೈ ನಾಲಿಗೆಯ ತುದಿಗೆ ಎಲ್ಲವೂ ಬಂದು ನಿಲ್ಲುತ್ತದೆ. ಎರಡು ಗಂಟೆಗೆ ರಸ್ತೆಗೆ ಬಂದು ನಿಲ್ಲಿ ಮಾವ. ಒಂದೇ ಮಾತು. ಬಲಗಾಲು ಮಣ್ಣಿನಲ್ಲಿ ತಾಳ ಹಾಕುತ್ತದೆ. ಆದರೂ ಯಾಕೆ ಹೇಳಲಿಲ್ಲ ಎಂದು ಈಗ ಕೇಳಿದರೆ ಅವರ ಉತ್ತರ ಇಷ್ಟು: "ಹೇಳಿದ್ರೆ ಇಬ್ರೂ ಹೊಸ ಬಟ್ಟೆ ಹಾಕ್ಕೊಂಡು, ಅಂಗಳ ಗುಡಿಸಿ, ಮಲ್ಲಿಗೆ ಮಾಲೆ ಹಿಡ್ಕೊಂಡು ನಿಂತುಬಿಡ್ತಾರೆ. ಆ ಹುಡುಗ ಕುರುಡನಲ್ಲ. ಆಗ ಮನೆ ಸಿಕ್ಕಿದ್ರೂ ಸಿಗದ ಹಾಗೇ."

ಹಾಗಾಗಿ ಆ ಬೆಳಿಗ್ಗೆ ಅವರು ಲಮ್ಯಾಯ್‌ಳನ್ನು ಕೇಳಿದ್ದು ಬೇರೆಯೇ. "ಮಧ್ಯಾಹ್ನ ಕೆಳಗೇ ಇರ್ತೀರಾ ಅಕ್ಕ?"

"ಮಧ್ಯಾಹ್ನ ಬಿಸಿಲು. ಮೇಲೆ ಮಲಗಿರ್ತೀನಿ. ನಾಲ್ಕರ ಮೇಲೆ... ಇಳಿಸ್ತಾನೆ. ಭತ್ತದ ಚೀಲ ಇಳಿಸಿದ ಹಾಗೆ."

ಬುವಾಲೈ ಮುಖ ಸಣ್ಣಗಾಗುತ್ತದೆ. ಎರಡು ಗಂಟೆಗೆ ಕುರ್ಚಿ ಮೇಲೆ, ಸೂರಿನ ಒಳಗೆ ಸೇರಿರುತ್ತದೆ. ಇಡೀ ಸೀಮೆಗೆ ಒಂದೇ ಒಂದು ಗುರುತು ಸಿಕ್ಕಿತು ಎಂದುಕೊಂಡರೆ, ಬೇಕಾದ ಹೊತ್ತಿಗೆ ಅದೂ ಇಲ್ಲ. ಬೀಳ್ಕೊಂಡು ರಸ್ತೆಗೆ ಬಂದು ಹದಿನಾಲ್ಕನೇ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಒಂದು ಹೆಜ್ಜೆ ಎಡಕ್ಕೆ. ಅರ್ಧ ಹೆಜ್ಜೆ ಬಲಕ್ಕೆ. ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ. ಬೈಕಿನ ಮೇಲೆ ಕೂತವನ ಕಣ್ಣು ಎಷ್ಟು ಎತ್ತರದಲ್ಲಿರುತ್ತದೆ ಎಂದು, ರಸ್ತೆಯ ತುದಿಯಲ್ಲಿ ನಿಲ್ಲಿಸಿದ್ದ ತಮ್ಮ ಬೈಕು ತಂದು ಹತ್ತಿ ಕೂತು ನೋಡುತ್ತಾರೆ. ಕೊನೆಗೆ ಆ ಸಂದಿನಲ್ಲಿ, ನೀಲಿ ಮಾಡುಗಳ ಮೇಲೆ, ಅಂಗೈಯಷ್ಟು ಕೆಂಪು ಕಾಣುತ್ತದೆ. ಗಾಲಿ. ಕುರ್ಚಿ ಮೇಲಿರಲಿ ಕೆಳಗಿರಲಿ, ಗಾಲಿ ಅಲ್ಲೇ ಇರುತ್ತದೆ.

ಎಂಟು ಗಂಟೆಗೆ ವೀಸಾ ಕಚೇರಿಯ ಅಂಗಳದಲ್ಲಿ ಬಾವುಟ ಏರುತ್ತದೆ. ರಾಷ್ಟ್ರಗೀತೆ ಮುಗಿಯುವವರೆಗೆ ಇಡೀ ಬೀದಿ ನಿಂತಲ್ಲೇ ನಿಲ್ಲುತ್ತದೆ. ಸರತಿಯಲ್ಲಿದ್ದ ಫರಂಗಿಗಳು, ಕೋಳಿ ಸುಡುವವಳು, ಪ್ರಯೂನ್, ಎಲ್ಲರೂ. ದಿನದಲ್ಲಿ ಬುವಾಲೈ ಅಲುಗಾಡದೆ ನಿಲ್ಲುವುದು ಆ ಒಂದು ನಿಮಿಷ ಮಾತ್ರ. ಇವತ್ತು ಆಗಲೂ ಬೆರಳುಗಳು ರಟ್ಟಿನ ಹಲಗೆಯ ಮರೆಯಲ್ಲಿ ಏನನ್ನೋ ಎಣಿಸುತ್ತಿವೆ.

ಆಮೇಲೆ ಹೊಸ ನಕ್ಷೆ. ಮೇಲೆ ನದಿ. ಬಾಗಿದ ರಸ್ತೆ. ಹದಿನಾಲ್ಕು ಕಡ್ಡಿಗಳು, ಒಂದರ ಸುತ್ತ ಬಿದಿರೆಲೆ. "ಬಿದಿರೊಳಗಿನದನ್ನೂ ಎಣಿಸಿ" ಎಂದು ಸಣ್ಣ ಅಕ್ಷರ. ಹದಿನಾಲ್ಕನೆಯದರ ಪಕ್ಕ, ಆರು ವರ್ಷದಲ್ಲಿ ಯಾವ ನಕ್ಷೆಯಲ್ಲೂ ಬರೆಯದಿದ್ದ ಒಂದು ಚಿತ್ರ: ಗುಂಡು ಮುಖ, ಮೇಲಕ್ಕೆ ನೋಡುವ ಎರಡು ಕಣ್ಣು. ಅದರ ಕೆಳಗೆ, "ಇಲ್ಲಿ ತಲೆಯೆತ್ತಿ ನೋಡಿ. ಕೆಂಪು ಗಾಲಿ."

ಪ್ರಯೂನ್ ಭುಜದ ಮೇಲಿಂದ ಇಣುಕುತ್ತಾನೆ. "ಇದು ಯಾರ ಮುಖ ಅಕ್ಕಾ? ಹೊಸ ಸಾಹೇಬ್ರದ್ದಾ? ಕಿವಿ ಸ್ವಲ್ಪ ದೊಡ್ಡದಾಗಬೇಕಿತ್ತು."

"ಜೆರಾಕ್ಸ್ ಮಾಡು, ಬಾಯಿ ಮುಚ್ಕೊಂಡು."

ಎರಡು ಗಂಟೆಗೆ ವೀರಪಾತ್ ಬೈಕು ಹತ್ತುತ್ತಾನೆ. ನಾ ತಾನ್‌ಗೆ ಹೋಗಲು ಇಪ್ಪತ್ತೈದು ನಿಮಿಷ. ನೋಡಲು ಅರ್ಧ ಗಂಟೆ. ಬರಲು ಇಪ್ಪತ್ತೈದು. ಮೂರೂವರೆಯೊಳಗೆ ಬರಬೇಕು. ಬುವಾಲೈ ಆ ಮಧ್ಯಾಹ್ನ ಐದು ನಕ್ಷೆ ಬರೆಯುತ್ತಾರೆ. ಪ್ರತಿಯೊಬ್ಬರನ್ನೂ ಹಿಂದೆಂದೂ ಕೇಳದ ಪ್ರಶ್ನೆ ಕೇಳುತ್ತಾರೆ. "ಆ ಅಂಗಡಿ ಈಗಲೂ ಇದೆಯಾ? ನೀವೇ ನೋಡಿದ್ರಾ? ಯಾವತ್ತು ನೋಡಿದ್ರಿ?" ಒಬ್ಬ ಫರಂಗಿಯ ಹೆಂಡತಿಗೆ ಸಿಟ್ಟು ಬರುತ್ತದೆ. "ನಕ್ಷೆ ಕೇಳಿದ್ರೆ ಪೊಲೀಸ್ ವಿಚಾರಣೆ ಮಾಡ್ತೀಯಲ್ಲ ದೊಡ್ಡಮ್ಮ!"

ಮೂರೂವರೆ ಆಗುತ್ತದೆ. ಮೂರೂ ಮುಕ್ಕಾಲು. ನಾಲ್ಕು. ಬುವಾಲೈ ಒಂದು ಸಲ ರಸ್ತೆಯ ತುದಿಯವರೆಗೆ ಹೋಗಿ ಬರುತ್ತಾರೆ. ಮತ್ತೊಂದು ಸಲ. ಬಿದಿರಿನೊಳಗಿನ ಕಂಬವನ್ನು ಅವನು ಎರಡು ಸಲ ಎಣಿಸಿದರೆ? ಮೋಡ ಕವಿದು ಕೆಂಪು ಕಪ್ಪಾಗಿ ಕಂಡರೆ?

"ಕೂತ್ಕೋ ಅಕ್ಕಾ," ಎನ್ನುತ್ತಾನೆ ಪ್ರಯೂನ್. ಈ ಸಲ ದನಿಯಲ್ಲಿ ಕೀಟಲೆಯಿಲ್ಲ. "ನೀನು ನಡೆದ್ರೆ ಅವನು ಬೇಗ ಬರಲ್ಲ."

ನಾಲ್ಕೂ ಕಾಲಿಗೆ ಬೈಕು ಬರುತ್ತದೆ. ವೀರಪಾತ್ ಮೇಜಿನ ಕಡೆ ನೋಡದೆ ಒಳಗೆ ಹೋಗುತ್ತಾನೆ. ಬುವಾಲೈ ಪೆನ್ಸಿಲಿನ ತುದಿ ಮುರಿಯುತ್ತದೆ. ಹತ್ತು ನಿಮಿಷವಾದ ಮೇಲೆ ಅವನು ಹೊರಗೆ ಬಂದು ನಕ್ಷೆಯನ್ನು ಅವರ ಮುಂದಿಡುತ್ತಾನೆ. ಹನ್ನೆರಡನೇ ಕಂಬದ ಬುಡದಲ್ಲಿ ನೀಲಿ ಪೆನ್ನಿನಿಂದ, ನಾಲ್ಕು ಕಾಲು ಒಂದು ಬಾಲ ಇರುವ ಏನನ್ನೋ ಗೀಚಿದ್ದಾನೆ.

"ಇದನ್ನ ಯಾಕೆ ಬರೆದಿಲ್ಲ ದೊಡ್ಡಮ್ಮ?"

ಅವನ ಪ್ಯಾಂಟಿನ ಎಡಗಾಲು ಮೊಣಕಾಲಿನವರೆಗೆ ಹರಿದಿದೆ.

"ಅಯ್ಯೋ! ಬೆಳಿಗ್ಗೆ ಮಲಗಿತ್ತು ಕಣಪ್ಪಾ. ಕಚ್ಚಿತಾ?"

"ಪ್ಯಾಂಟು ಮಾತ್ರ. ಓಡಿದೆ. ಹದಿನಾಲ್ಕನೇ ಕಂಬ ಹತ್ತೋದೊಂದು ಬಾಕಿ ಇತ್ತು. ಹಿಡ್ಕೊಂಡು ಮೇಲೆ ನೋಡ್ತೀನಿ, ಗಾಲಿ." ಅವನಿಗೆ ನಗು ತಡೆಯುವುದಿಲ್ಲ. "ಆ ಮನುಷ್ಯ ಬಂದು ನಾಯೀನ ಅಟ್ಟಿದ. ಮೆಟ್ಟಿಲು ಎಲ್ಲಿ ಅಂದೆ. ಇದೆ, ಆದ್ರೆ ನೀವು ಇದರಲ್ಲಿ ಕೂತ್ಕೊಳ್ಳಿ ಅಂತ ಪಟ್ಟಿ ಬಿಗಿದು ಸ್ವಿಚ್ ಹಾಕಿಬಿಟ್ಟ. ಆಗ ಮನೆಗಳಿಂದೆಲ್ಲ ಜನ ಹೊರಗೆ ಬಂದ್ರು ದೊಡ್ಡಮ್ಮ. ಆ ಆಣೆ ಇಟ್ಟ ಅಜ್ಜಿನೂ ಇದ್ಲು. ಚಪ್ಪಾಳೆ ಹೊಡೆದ್ಲು." ಹರಿದ ಪ್ಯಾಂಟನ್ನು ಕೂಡಿಸಿ ಹಿಡಿದು ಹೇಳುತ್ತಾನೆ. "ಆ ಅಮ್ಮನಿಗೆ ತಾವಾಗಿ ಎದ್ದು ಕೂರೋಕೂ ಆಗಲ್ಲ, ಅಲ್ವಾ? ಬಾಯಿಗೆ ಅವನೇ ನೀರು ಹಾಕ್ತಿದ್ದ. ಫೋಟೋ ತೆಗೆದಿದೀನಿ. ಹೊಲಿಸೋಕೆ ಟೈಲರು ಎಲ್ಲಿದಾನೆ ಇಲ್ಲಿ?"

"ಮುಚ್ಚಿದ ಟಾಕೀಸು..." ಎಂದು ಶುರು ಮಾಡಿದ ಬುವಾಲೈ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಒಂದು ಹಾಳೆ ಎಳೆದುಕೊಂಡು, ಎದ್ದುನಿಂತು, ಬೀದಿಯನ್ನು ಒಮ್ಮೆ ಕಣ್ಣಾರೆ ನೋಡಿ, ಬರೆದುಕೊಡುತ್ತಾರೆ. ನಲವತ್ತು ತೆಗೆದುಕೊಳ್ಳುವುದಿಲ್ಲ.

ಮುದ್ರೆ ಎರಡು ವಾರದ ಮೇಲೆ ಬಿತ್ತು. ಒಂದು ವರ್ಷ. ತಾಪಿಯೋ ಪಾಸ್‌ಪೋರ್ಟನ್ನು ಹುಣಸೆಮರದ ಕೆಳಗೆ ತಂದು ತೋರಿಸಿ, ಮನೆಯಂಗಳ ಬಿಟ್ಟು ಹೊರಬಂದು ಐದು ವಾರವಾಯಿತು ಎಂದು ನೇರ ಸಂತೆಗೆ ಹೋದ.

ಈಗ ಶನಿವಾರ ಬಂತೆಂದರೆ ಬುವಾಲೈ ಬೈಕು ಹತ್ತುತ್ತಾರೆ. ಹದಿನೇಳು ಹಳ್ಳಿಗಳಲ್ಲಿ ಐದು ಮುಗಿದಿವೆ. ಬಿದ್ದದ್ದು, ಸುಟ್ಟದ್ದು, ಹೊಸದಾಗಿ ಎದ್ದದ್ದು, ಎಲ್ಲಕ್ಕೂ ಒಂದು ದಪ್ಪ ಪುಸ್ತಕ. ಕೊನೆಯ ಪುಟಗಳು ನಾಯಿಗಳಿಗೆ ಮೀಸಲು: ಬಣ್ಣ, ಜಾಗ, ಮಲಗುವ ಹೊತ್ತು. ಎಲ್ಲ ಹಳ್ಳಿ ಮುಗಿಸುವುದರೊಳಗೆ ಮೊದಲನೆಯದು ಬದಲಾಗಿರುತ್ತದಲ್ಲ ಎಂದು ಪ್ರಯೂನ್ ಛೇಡಿಸಿದರೆ, "ಹಾಗಾದ್ರೆ ಮತ್ತೆ ಮೊದಲಿಂದ," ಎನ್ನುತ್ತಾರೆ. ಅವರಿಗೆ ಇರುವುದು ಒಂದೇ ಆಸೆ. ತಮ್ಮ ನಕ್ಷೆ ಹಿಡಿದು ಹೊರಟವರು ದಾರಿಯಲ್ಲಿ ಯಾರನ್ನೂ ಕೇಳುವ ಹಾಗಾಗಬಾರದು.

ಕಳೆದ ಶನಿವಾರ ಅವರು ಮತ್ತೆ ನಾ ತಾನ್ ರಸ್ತೆಯಲ್ಲಿದ್ದರು. ಬಾಗಿದ ರಸ್ತೆಯಲ್ಲಿ ಬಾಗಿ ಹೋಗಿ, ಹನ್ನೆರಡನೇ ಕಂಬದ ಹತ್ತಿರ ಬೈಕು ನಿಲ್ಲಿಸಿ, ಜಿಗುಟನ್ನದ ಒಂದು ಉಂಡೆಯನ್ನು ದೂರದಿಂದಲೇ ಎಸೆದರು. ಕಂದು ನಾಯಿ ಎದ್ದು ಬಂತು. ತಿಂದು ಮುಗಿಸಲು ಬಹಳ ಹೊತ್ತು ತೆಗೆದುಕೊಂಡಿತು. ಬುವಾಲೈ ಅದರ ಮೂತಿಯ ಬಿಳಿ ಕೂದಲನ್ನೇ ನೋಡುತ್ತಿದ್ದು, ತುರುಬಿನಿಂದ ಪೆನ್ಸಿಲು ಎಳೆದರು.

"ಇದಕ್ಕೂ ವಯಸ್ಸಾಯ್ತು," ಎಂದರು. "ಬರೋ ವರ್ಷಕ್ಕೆ ಇನ್ನೊಂದು ಗುರುತು ಹುಡುಕಿ ಇಟ್ಕೋಬೇಕು."